ಸಮುದ್ರಕ್ಕೂ ಪಹಣಿ ಉಂಟಾ?

ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಿದ್ದಾಗಿನ ಮಾತು. ಬಾಸ್ಟನ್ನಿನಿಂದ ಉತ್ತರಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಸಿಗುವ ಸಣ್ಣ ಊರು, ಹೆಸರು ಬೇಡ. ಹದಿನೈದು ದಿನ ಮಾಲು, ಮ್ಯೂಸಿಯಮ್ಮು ಅಂತ ಸುತ್ತಿ ಬೇಜಾರಾಗಿದ್ದ ಅಮ್ಮನಿಗೆ ಉಪ್ಪುಗಾಳಿ ಮೂಗಿಗೆ ಬಡಿದದ್ದೇ ಜೀವ ಬಂದ ಹಾಗಾಯಿತು. ಅವಳು ಕುಮಟಾ ತಾಲೂಕಿನ ಹೊಳೆಬದಿಯವಳು. ಅಘನಾಶಿನಿಯ ಕೆಸರಲ್ಲಿ ಸೊಂಟಮಟ್ಟ ನಿಂತು ಬಳಚು ಆರಿಸಿ ಬೆಳೆದವಳು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ಇಳಿತದಲ್ಲಿ ಬಯಲಾಗಿದ್ದ ಒದ್ದೆ ಮರಳಿನ ಮೇಲೆ ಸರಸರ ಹೊರಟೇಬಿಟ್ಟಳು. ನಾನು ಹಿಂದೆ.

ಐದು ನಿಮಿಷ ಆಗಿರಬೇಕು. ಮೇಲಿನ ದೊಡ್ಡ ಮನೆಯಿಂದ ಒಬ್ಬರು ಹಿರಿಯರು ಇಳಿದು ಬಂದರು. ಜಗಳಗಂಟರೇನಲ್ಲ, ಬಹಳ ವಿನಯದಿಂದಲೇ ಹೇಳಿದರು: ಇದು ಖಾಸಗಿ ತೀರ, ದಯವಿಟ್ಟು ವಾಪಸು ಹೋಗಿ. ನಾವೇನು ನಿಮ್ಮ ಅಂಗಳಕ್ಕೆ ಬಂದಿಲ್ಲವಲ್ಲ, ನೀರಿನ ಅಂಚಲ್ಲಿ ನಡೀತಿದ್ದೇವೆ ಅಂದೆ. ನೀರಿನ ಅಂಚಿನವರೆಗೂ ನನ್ನದೇ ಅಂದರು.

ಸುಳ್ಳು ಹೇಳ್ತಿದ್ದಾರೆ ಅಂದ್ಕೊಂಡೆ. ಅಮ್ಮನಿಗೆ ಕನ್ನಡದಲ್ಲಿ ವಿಷಯ ತಿಳಿಸಿದೆ. ಅವಳು ಸಮುದ್ರವನ್ನೊಮ್ಮೆ, ಆ ಮನುಷ್ಯರನ್ನೊಮ್ಮೆ ನೋಡಿ ಕೇಳಿದಳು: "ತಮಾ, ಹಾಗಾದ್ರೆ ಸಮುದ್ರಕ್ಕೂ ಪಹಣಿ ಉಂಟಾ?"

ಆ ರಾತ್ರಿ ಓದಲು ಕೂತೆ. ಅವರು ಹೇಳಿದ್ದು ನಿಜವಾಗಿತ್ತು. ಪೂರ್ತಿ ಅಲ್ಲ, ಆದರೆ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನ ಕಥೆಯೇ ಈ ಬರಹ.

ಅಮೆರಿಕದ ಬಹುತೇಕ ಕರಾವಳಿ ರಾಜ್ಯಗಳಲ್ಲಿ ಖಾಸಗಿ ಜಮೀನು ಉಬ್ಬರದ ಗೆರೆಗೆ ನಿಲ್ಲುತ್ತದೆ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಮೇಲೇಳುವ ನೆಲ ರಾಜ್ಯದ್ದು. ಅದೂ ರಾಜ್ಯ ತನಗಿಷ್ಟ ಬಂದ ಹಾಗೆ ಮಾರಿಕೊಳ್ಳುವ ಆಸ್ತಿಯಲ್ಲ, ಜನರ ಪರವಾಗಿ ಕಾಯ್ದಿಟ್ಟುಕೊಳ್ಳಬೇಕಾದದ್ದು. ಇದನ್ನು ಪಬ್ಲಿಕ್ ಟ್ರಸ್ಟ್ ತತ್ವ ಅಂತಾರೆ. ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳುವುದಾದರೆ, ಸರ್ಕಾರ ಇಲ್ಲಿ ಒಡೆಯ ಅಲ್ಲ, ಮೊಕ್ತೇಸರ. ದೇವರ ಬಂಗಾರದ ಪೆಟ್ಟಿಗೆಯ ಕೀಲಿಕೈ ಮೊಕ್ತೇಸರರ ಸೊಂಟದಲ್ಲಿರುತ್ತದೆ, ಹಾಗಂತ ಅವರು ಮಗಳ ಮದುವೆಗೆ ಅದನ್ನು ಕರಗಿಸುವ ಹಾಗಿಲ್ಲ. ಯೋಚನೆಯ ಬೇರು ರೋಮಿನಲ್ಲಿದೆ. ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಹೊರಡಿಸಿದ ಕಾನೂನು ಗ್ರಂಥದಲ್ಲೇ ಗಾಳಿ, ಹರಿಯುವ ನೀರು, ಸಮುದ್ರ, ಅದರ ದಡ ಎಲ್ಲರಿಗೂ ಸೇರಿದ್ದು ಎಂಬ ಮಾತಿದೆ. ಅದು ಇಂಗ್ಲೆಂಡಿಗೆ ಬಂದು, ದಡದ ನೆಲ ದೊರೆಯದ್ದು ಆದರೆ ಮೀನು ಹಿಡಿಯುವ, ದೋಣಿ ನಡೆಸುವ ಹಕ್ಕು ಪ್ರಜೆಗಳದ್ದು ಎಂದಾಯಿತು. ಅಲ್ಲಿಂದ ಹಡಗು ಹತ್ತಿ ಅಮೆರಿಕಕ್ಕೆ ಬಂತು.

ಮ್ಯಾಸಚೂಸೆಟ್ಸಿನಲ್ಲಿ ಮಾತ್ರ ಅದು ಬೇರೆ ದಾರಿ ಹಿಡಿಯಿತು.

1641ರಲ್ಲಿ ಇಲ್ಲಿನ ಪ್ಯೂರಿಟನ್ ವಲಸಿಗರು ಬಾಡಿ ಆಫ್ ಲಿಬರ್ಟೀಸ್ ಎಂಬ ಕಾನೂನುಪಟ್ಟಿ ಮಾಡಿಕೊಂಡರು. ಬರೆದವರು ನಥಾನಿಯಲ್ ವಾರ್ಡ್ ಎಂಬ ಪಾದ್ರಿ. ಅದರಲ್ಲಿ ಒಂದು ಕಲಂ: ಪ್ರತಿ ಮನೆಯ ಯಜಮಾನನಿಗೂ ದೊಡ್ಡ ಕೆರೆಗಳಲ್ಲಿ, ಕೊಲ್ಲಿಗಳಲ್ಲಿ, ಉಬ್ಬರ ಏರುವಷ್ಟು ದೂರದ ಹೊಳೆಗಳಲ್ಲಿ ಮೀನು ಹಿಡಿಯುವ, ಹಕ್ಕಿ ಹೊಡೆಯುವ ಹಕ್ಕು ಮುಕ್ತ. ಇಲ್ಲಿಯವರೆಗೆ ಚೆನ್ನಾಗಿದೆ. ಆದರೆ ವಸಾಹತಿಗೆ ಒಂದು ಕಷ್ಟವಿತ್ತು. ಬಾಸ್ಟನ್ ಬಂದರಿನ ಅಂಚು ತೀರಾ ಆಳವಿಲ್ಲದ್ದು. ಉಬ್ಬರಕ್ಕೂ ಇಳಿತಕ್ಕೂ ಹತ್ತಿರ ಹತ್ತಿರ ಹತ್ತು ಅಡಿ ವ್ಯತ್ಯಾಸ. ನೀರಿಳಿದರೆ ಫರ್ಲಾಂಗುಗಟ್ಟಲೆ ಬರೀ ಕೆಸರುಬಯಲು. ಹಡಗು ದಡಕ್ಕೆ ಬರಬೇಕಾದರೆ ಆ ಕೆಸರು ದಾಟಿಸಿ ಉದ್ದುದ್ದ ಧಕ್ಕೆ ಕಟ್ಟಬೇಕು. ಸರ್ಕಾರದ ಬೊಕ್ಕಸದಲ್ಲಿ ಹಣ ಇಲ್ಲ. ಖಾಸಗಿಯವರು ಕಟ್ಟೋಣ ಅಂದರೆ ನೆಲ ಅವರದ್ದಲ್ಲ. ನಾಳೆ ಯಾರದೋ ಪಾಲಾಗುವ ಧಕ್ಕೆಗೆ ಇವತ್ತು ಯಾರು ಕಲ್ಲು ಹೊರುತ್ತಾರೆ?

ಅದಕ್ಕೆ 1647ರಲ್ಲಿ ತಿದ್ದುಪಡಿ ತಂದರು. ಸಮುದ್ರಕ್ಕೆ ತಾಗಿದ ಜಮೀನಿನ ಒಡೆತನ ಇನ್ನು ಮೇಲೆ ಇಳಿತದ ಗೆರೆಯವರೆಗೂ ಹೋಗುತ್ತದೆ. ಇಳಿತ ಬಹಳ ದೂರ ಹೋದರೆ ನೂರು ರಾಡ್‌ಗೆ, ಅಂದರೆ 1,650 ಅಡಿಗೆ ನಿಲ್ಲುತ್ತದೆ. ಷರತ್ತು ಎರಡೇ. ದೋಣಿ, ಹಡಗುಗಳ ಓಡಾಟಕ್ಕೆ ಅಡ್ಡಿ ಮಾಡಬಾರದು; ಮೊದಲೇ ಇದ್ದ ಮೀನು ಮತ್ತು ಹಕ್ಕಿಯ ಹಕ್ಕು ಹಾಗೇ ಉಳಿಯುತ್ತದೆ. ಧಕ್ಕೆ ಕಟ್ಟಿಸುವ ಆಮಿಷಕ್ಕೆ ಅರ್ಧ ಕಿಲೋಮೀಟರ್ ಅಗಲದ ನೆಲವನ್ನು ಪೈಸೆ ತಗೊಳ್ಳದೆ ಕೊಟ್ಟುಬಿಟ್ಟರು, ಅಷ್ಟೆ. ಆ ಕೆಸರಿನಲ್ಲಿ ಸಾವಿರಾರು ವರ್ಷದಿಂದ ಮೀನು ಹಿಡಿಯುತ್ತಿದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. 1913ರಲ್ಲಿ ಬಾಸ್ಟನ್ನಿನ ಬಾಯ್ಲ್‌ಸ್ಟನ್ ಬೀದಿಯ ಕೆಳಗೆ ಸುರಂಗ ರೈಲಿಗೆ ಅಗೆಯುವಾಗ ಅವರು ಮೀನು ಅಡ್ಡಗಟ್ಟಲು ಹೂಳಿದ್ದ ಗೂಟಗಳು ಸಿಕ್ಕವು. ನಾಲ್ಕೈದು ಸಾವಿರ ವರ್ಷ ಹಳೆಯವು. ಯಾವ ಪಹಣಿಯೂ ಇಲ್ಲದ ಸಾಗುವಳಿ.

ಮೂರೂವರೆ ಶತಮಾನದ ಹಿಂದೆ ಧಕ್ಕೆಗೆಂದು ಮಾಡಿದ ಆ ಕಾನೂನು ಈಗಲೂ ಜಾರಿಯಲ್ಲಿದೆ. ಈಗ ಅಲ್ಲಿ ಧಕ್ಕೆ ಕಟ್ಟುವವರಿಲ್ಲ, ಬಂಗಲೆಗಳಿವೆ. ಜನಕ್ಕೆ ಉಳಿದದ್ದು ಮೂರು ಶಬ್ದ: ಮೀನು, ಹಕ್ಕಿ, ದೋಣಿ. ಈ ಮೂರು ಶಬ್ದವನ್ನು ಹಿಗ್ಗಿಸಿ ಕುಗ್ಗಿಸಿ ಕೋರ್ಟುಗಳು ಬರೆದ ತೀರ್ಪುಗಳನ್ನು ಓದುತ್ತಾ ಹೋದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ.

1851ರಲ್ಲಿ ಒಂದು ಪ್ರಶ್ನೆ ಬಂತು: ಬೇರೆಯವರ ಕೆಸರುಬಯಲಿನಲ್ಲಿ ಚಿಪ್ಪು ಅಗೆದು ತೆಗೆಯುವುದು ಮೀನು ಹಿಡಿದ ಹಾಗೆ ಆಗುತ್ತದೋ ಇಲ್ಲವೋ? ಆಗುತ್ತದೆ ಅಂತ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆಗಿನ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಶಾ. ಇವರ ಅಳಿಯ ಹರ್ಮನ್ ಮೆಲ್ವಿಲ್, ಅದೇ ವರ್ಷ 'ಮೋಬಿ ಡಿಕ್' ಅಚ್ಚಾಯಿತು. ಮಾವ ಬಳಚಿನ ಲೆಕ್ಕದಲ್ಲಿ, ಅಳಿಯ ತಿಮಿಂಗಿಲದ ಬೆನ್ನಲ್ಲಿ! ಇರಲಿ. ಅದೇ ವರ್ಷ ಶಾ ಇನ್ನೊಂದು ದೊಡ್ಡ ತೀರ್ಪು ಕೊಟ್ಟರು. ಸೈರಸ್ ಆಲ್ಜರ್ ಎಂಬ ಉದ್ಯಮಿ ತನ್ನದೇ ಕೆಸರುಬಯಲಿನಲ್ಲಿ, ಸರ್ಕಾರ ಎಳೆದ ಬಂದರಿನ ಗೆರೆ ದಾಟಿ ಧಕ್ಕೆ ಕಟ್ಟಿದ್ದ. ನೆಲ ನಿನ್ನದೇ ಇರಬಹುದು, ಆದರೂ ಸಮಾಜದ ಹಿತಕ್ಕಾಗಿ ರಾಜ್ಯ ಹಾಕಿದ ಗೆರೆ ದಾಟುವ ಹಾಗಿಲ್ಲ ಎಂದಾಯಿತು. ಆಸ್ತಿಯ ಹಕ್ಕಿಗೂ ಊರಿನ ಹಿತಕ್ಕೂ ಜಗಳ ಬಂದಾಗಲೆಲ್ಲ ಅಮೆರಿಕದ ವಕೀಲರು ಈಗಲೂ ಈ ತೀರ್ಪು ತೆಗೆಯುತ್ತಾರೆ.

1907ರಲ್ಲಿ ಸಮುದ್ರಸ್ನಾನದ ಸರದಿ. ಜನರಿಗೆ ನೀರಿನಲ್ಲಿ ಈಜುವ, ತೇಲುವ ಹಕ್ಕಿದೆ, ಯಾಕೆಂದರೆ ಅದು ದೋಣಿ ನಡೆಸುವುದರ ಸಂಬಂಧಿ. ಆದರೆ ಖಾಸಗಿ ತೀರದ ನೆಲವನ್ನು ಸ್ನಾನಕ್ಕೆ ಬಳಸುವ ಹಕ್ಕಿಲ್ಲ ಎಂದಿತು ಕೋರ್ಟು. ಕಾಲು ತಳಕ್ಕೆ ತಾಗದಿದ್ದರೆ ನೀನು ಪ್ರಜೆ, ತಾಗಿದರೆ ಅತಿಕ್ರಮಣಕಾರ ಅಂತ ಇಲ್ಲಿನವರು ಇವತ್ತಿಗೂ ತಮಾಷೆ ಮಾಡುತ್ತಾರೆ. 1974ರಲ್ಲಿ ಶಾಸಕರು ಒಂದು ಮಸೂದೆ ತಂದರು: ಹಗಲು ಹೊತ್ತಿನಲ್ಲಿ ಉಬ್ಬರ-ಇಳಿತದ ಗೆರೆಗಳ ನಡುವೆ ಜನ ಕಾಲ್ನಡಿಗೆಯಲ್ಲಿ ಹೋಗಲಿ, ಅಷ್ಟೇ ಸಾಕು. ನ್ಯಾಯಾಧೀಶರ ಅಭಿಪ್ರಾಯ ಕೇಳಿದರು. ಪರಿಹಾರ ಕೊಡದೆ ಹಾಗೆ ಮಾಡಿದರೆ ಖಾಸಗಿ ಆಸ್ತಿಯನ್ನು ಕಿತ್ತುಕೊಂಡ ಹಾಗೆ ಅಂದರು. ಮಸೂದೆ ಅಲ್ಲಿಗೆ ಸತ್ತಿತು.

ಅಂದ್ರೆ ನೋಡಿ, ಬಂದೂಕು ಹಿಡಿದು ಬಾತುಕೋಳಿ ಹೊಡೆಯಲು ಬರುವವನನ್ನು ತಡೆಯುವ ಹಾಗಿಲ್ಲ. ಬರಿಗೈಯಲ್ಲಿ ಸೂರ್ಯಾಸ್ತ ನೋಡಲು ಬಂದವಳನ್ನು ತಡೆಯಬಹುದು. ಹಕ್ಕಿಯ ಹಕ್ಕಿನಲ್ಲಿ ಹಕ್ಕಿ ನೋಡುವುದೂ ಸೇರುತ್ತದೆ ಅಂತ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ನಿಲುವು. ಕೋರ್ಟು ಇನ್ನೂ ಅದಕ್ಕೆ ಮೊಹರು ಒತ್ತಿಲ್ಲ. ಪಕ್ಕದ ಮೇನ್ ರಾಜ್ಯ 1820ರವರೆಗೆ ಮ್ಯಾಸಚೂಸೆಟ್ಸಿನ ಭಾಗವೇ ಆಗಿದ್ದರಿಂದ ಅಲ್ಲೂ ಇದೇ ಕಾನೂನು, ಇದೇ ಜಂಜಾಟ. ಗಾಳಿಯ ಸಿಲಿಂಡರು ಹೊತ್ತು ಮುಳುಗಲು ಹೋಗುವವನು ಈ ನೆಲ ದಾಟಬಹುದು ಅಂತ 2011ರಲ್ಲಿ ಅಲ್ಲಿನ ಕೋರ್ಟು ಒಪ್ಪಿತು. 2019ರಲ್ಲಿ ಬಂಡೆಗೆ ಅಂಟಿಕೊಂಡ ಸಮುದ್ರಪಾಚಿ ಕೊಯ್ಯುವುದು ಮೀನುಗಾರಿಕೆ ಅಲ್ಲ, ಅದು ದಡದ ಒಡೆಯನದ್ದು ಎಂದಿತು.

ಇಷ್ಟೇ ಆಗಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆ. ಆದರೆ ಆ ಮೂರು ಶಬ್ದ ಬಾಸ್ಟನ್ ನಗರದೊಳಗೆ ಮಾಡಿದ ಕೆಲಸವೇ ಬೇರೆ.

ಇವತ್ತಿನ ಬಾಸ್ಟನ್ನಿನಲ್ಲಿ ಐದು ಸಾವಿರ ಎಕರೆಗೂ ಹೆಚ್ಚು ನೆಲ ಹಿಂದೆ ನೀರು ಅಥವಾ ಕೆಸರಾಗಿತ್ತು. 1710ರಲ್ಲಿ ಶುರುವಾದ ಲಾಂಗ್ ವಾರ್ಫ್, ಅಂದರೆ ಉದ್ದದ ಧಕ್ಕೆ, ಹೆಸರಿಗೆ ತಕ್ಕ ಹಾಗೆ ಸಮುದ್ರದೊಳಕ್ಕೆ ಚಾಚಿತು. ಧಕ್ಕೆಗಳ ನಡುವಿನ ಜಾಗದಲ್ಲಿ ಮಣ್ಣು ತುಂಬಿ ಬೀದಿ ಮಾಡಿದರು, ಬೀದಿಯ ಆಚೆ ಮತ್ತೆ ಧಕ್ಕೆ. ಬ್ಯಾಕ್ ಬೇ ಎಂಬ ದುಬಾರಿ ಬಡಾವಣೆ 1850ರ ದಶಕದ ಕೊನೆಯವರೆಗೂ ಉಬ್ಬರದ ಕೊಳೆಗುಂಡಿ. ಸುಮಾರು ಒಂಬತ್ತು ಮೈಲಿ ದೂರದ ನೀಡಮ್‌ನಿಂದ ಹಗಲೂ ರಾತ್ರಿ ರೈಲಿನಲ್ಲಿ ಜಲ್ಲಿಮಣ್ಣು ತಂದು ದಶಕಗಳ ಕಾಲ ತುಂಬಿದರು. ಹಡಗಿನ ಕಾಲ ಮುಗಿದು ಧಕ್ಕೆಗಳು ಪಾಳು ಬಿದ್ದವು. 1960-70ರ ಹೊತ್ತಿಗೆ ಅದೇ ಹಳೆಯ ಗೋದಾಮುಗಳು ಸಮುದ್ರ ಕಾಣುವ ಫ್ಲಾಟುಗಳಾಗತೊಡಗಿದವು.

ಆಗ ಲೂಯಿಸ್ ವಾರ್ಫ್ ಕೊಂಡ ಕಂಪನಿಯೊಂದು ಕೋರ್ಟಿಗೆ ಹೋಗಿ, ಇದು ಸಂಪೂರ್ಣ ನಮ್ಮದು ಅಂತ ನೋಂದಾಯಿಸಿಕೊಡಿ ಎಂದಿತು. ಹಳೆಯ ಇಳಿತದ ಗೆರೆಯ ಆಚೆಗೂ ಧಕ್ಕೆ ಚಾಚಿತ್ತು. ಆ ಭಾಗವನ್ನು 1830ರ ದಶಕದಲ್ಲಿ ಶಾಸನಸಭೆಯೇ ಕಟ್ಟಲು ಬಿಟ್ಟುಕೊಟ್ಟಿತ್ತು. ಕಾಗದಪತ್ರ ಎಲ್ಲ ಸರಿಯಾಗಿತ್ತು. 1979ರ ತೀರ್ಪು ಹೇಳಿತು: ಹೌದು, ನಿಮ್ಮದು. ಆದರೆ ಆಗ ಕೊಟ್ಟದ್ದು ಬಂದರಿನ ವ್ಯಾಪಾರ ಬೆಳೆಯಲಿ, ಜನಕ್ಕೆ ಉಪಯೋಗವಾಗಲಿ ಅಂತ. ಆ ಷರತ್ತು ಕಾಗದದಲ್ಲಿ ಎದ್ದು ಕಾಣದಿದ್ದರೂ ನೆಲದೊಳಗೆ ಇದ್ದೇ ಇದೆ. ಜನೋಪಯೋಗ ನಿಂತರೆ ನಿಮ್ಮ ಹಕ್ಕಿಗೂ ಕುತ್ತು.

ನೂರೈವತ್ತು ವರ್ಷ ಯಾರೂ ನೆನೆಯದ ಷರತ್ತು! ನಗರದ ಅರ್ಧ ಶ್ರೀಮಂತರಿಗೆ ಅಂದು ನಿದ್ದೆ ಬಂದಿರಲಾರದು. ಬ್ಯಾಂಕು, ಬಿಲ್ಡರು, ಶಾಸಕರು ಎಲ್ಲ ಓಡಾಡಿ, ಕಡೆಗೆ 1866ರಿಂದ ಇದ್ದ ಧಕ್ಕೆ ಪರವಾನಗಿಯ ಕಾನೂನನ್ನೇ, ಇಲ್ಲಿ ಅದನ್ನು ಚಾಪ್ಟರ್ 91 ಅಂತಾರೆ, 1983ರಲ್ಲಿ ಬಿಗಿ ಮಾಡಿದರು. 1990ರಲ್ಲಿ ವಿವರವಾದ ನಿಯಮ ಬಂತು. ಹಡಗಿಗೂ ನೀರಿಗೂ ಸಂಬಂಧವಿಲ್ಲದ ಕಟ್ಟಡವನ್ನು ಹಳೆಯ ಇಳಿತದ ನೆಲದ ಮೇಲೆ ಕಟ್ಟುತ್ತೀರಾ? ಕಟ್ಟಿ. ನೀರಿನಂಚಿನಲ್ಲಿ ಜನ ನಡೆಯಲು ದಾರಿ ಬಿಡಿ, ಬಯಲು ಬಿಡಿ, ನೆಲಮಹಡಿಯಲ್ಲಿ ಯಾರು ಬೇಕಾದರೂ ಬರಬಹುದಾದ ಜಾಗ ಇಡಿ. ಬಾಸ್ಟನ್ನಿನ ಹಾರ್ಬರ್‌ವಾಕ್ ಎಂಬ ನಲವತ್ತಕ್ಕೂ ಹೆಚ್ಚು ಮೈಲಿ ಉದ್ದದ ಕಾಲುದಾರಿ ಬಹುಮಟ್ಟಿಗೆ ಹೀಗೆ ತುಂಡು ತುಂಡಾಗಿ ಹೊಲಿದದ್ದು. ಐಷಾರಾಮಿ ಹೋಟೆಲಿನ ಅಂಗಳದಲ್ಲೇ ಹಾದುಹೋಗುತ್ತದೆ. ಅಮ್ಮನಿಗೆ ಅದರಲ್ಲಿ ಬಹಳ ಖುಷಿ. ಕೋಟು ಹಾಕಿದ ಕಾವಲುಗಾರನಿಗೆ ಕೈಬೀಸಿ ಹೋಗುತ್ತಿದ್ದಳು.

ಎಲ್ಲ ಸುಸೂತ್ರ ಅಂತಲ್ಲ. ಜನರಿಗೆ ಮೀಸಲಾದ ಕೋಣೆಗೆ ಬೋರ್ಡೇ ಇರುವುದಿಲ್ಲ, ಬೆಂಚಿನ ಜಾಗಕ್ಕೆ ಹೋಟೆಲಿನ ಮೇಜು ಬಂದು ಕೂರುತ್ತದೆ. ಮಣ್ಣು ತುಂಬಿ ಸಮುದ್ರದಿಂದ ದೂರವಾದ ನೆಲಕ್ಕೂ ಈ ನಿಯಮ ಅನ್ವಯಿಸಬೇಕು, ಇಲಾಖೆ ತನ್ನಷ್ಟಕ್ಕೆ ವಿನಾಯಿತಿ ಕೊಡುವ ಹಾಗಿಲ್ಲ ಅಂತ 2007ರಲ್ಲಿ ಕೋರ್ಟು ಹೇಳಿದ್ದೇ ತಡ, ಅದೇ ವರ್ಷ ಶಾಸನಸಭೆ ಆ ವಿನಾಯಿತಿಯನ್ನೇ ಕಾನೂನು ಮಾಡಿತು. ಕೋರ್ಟಿನದ್ದೂ ಶಾಸಕರದ್ದೂ ಹಗ್ಗಜಗ್ಗಾಟ ನಮ್ಮೂರಿನದೇ ಆಟ ಅಂತ ತಿಳಿದಿದ್ದೆ.

ನನಗೆ ಬಹಳ ಹಿಡಿಸಿದ ಪ್ರಸಂಗ ಲಾಂಗ್ ವಾರ್ಫ್‌ನದು. ಅದರ ತುದಿಯಲ್ಲಿ ಒಂದು ಇಟ್ಟಿಗೆಯ ಮಂಟಪ ಇದೆ. ಜನ ಬುತ್ತಿ ತಂದು ಉಣ್ಣುತ್ತಾರೆ, ಪ್ರೇಮಿಗಳು ಕೂರುತ್ತಾರೆ. ನಗರದ ಪುನರ್‌ನಿರ್ಮಾಣ ಪ್ರಾಧಿಕಾರ ಅಲ್ಲೊಂದು ರೆಸ್ಟೋರೆಂಟು ಮಾಡಲು ಹೊರಟಿತು. ಪಕ್ಕದ ನಾರ್ತ್ ಎಂಡ್ ಬಡಾವಣೆಯ ಹತ್ತು ನಿವಾಸಿಗಳು ಕೋರ್ಟಿಗೆ ಹೋದರು. 2013ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮರೆತೇ ಹೋಗಿದ್ದ ಒಂದು ಹಳೆಯ ನಕ್ಷೆ ಹೊರಬಂತು. 1980ರ ಸುಮಾರಿಗೆ ಈ ಜಾಗಕ್ಕೆ ಕೇಂದ್ರ ಸರ್ಕಾರದ ಉದ್ಯಾನ ಅನುದಾನ ಬಂದಿತ್ತು, ಅದರ ಗಡಿಯೊಳಗೆ ಮಂಟಪದ ಜಾಗವೂ ಇತ್ತು! ಅನುದಾನ ತಿಂದ ಮೇಲೆ ಅದು ಹೊರಾಂಗಣ ವಿಹಾರಕ್ಕೇ ಮೀಸಲು. 2016ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇದು ಶುದ್ಧ ಪಬ್ಲಿಕ್ ಟ್ರಸ್ಟ್ ಪ್ರಕರಣ ಅಲ್ಲ, ವಕೀಲ ಓದುಗರು ಬೈಯಬೇಡಿ. ಆದರೂ 1979ರದ್ದಕ್ಕೂ ಇದಕ್ಕೂ ಒಂದೇ ಮುಖ. ಜನರ ಹಕ್ಕು ಎಲ್ಲೋ ಕಪಾಟಿನಲ್ಲಿ ಬಿದ್ದಿರುತ್ತದೆ. ಯಾರಾದರೂ ಹಟ ಹಿಡಿದು ಧೂಳು ಕೊಡವಬೇಕು.

"ನಮ್ಮಲ್ಲಿ ಇಂಥದ್ದೆಲ್ಲ ಇಲ್ಲವನಾ?" ಅಂತ ಅಮ್ಮ ಕೇಳಿದ್ದು ಆ ಮಂಟಪದಲ್ಲಿ ಕೂತಾಗ. ಇದೆ. ಮತ್ತೆ ಅದು ಬಂದದ್ದೂ ಇಲ್ಲಿಂದಲೇ.

1869ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆ ಶಿಕಾಗೋ ಎದುರಿನ ಮಿಶಿಗನ್ ಸರೋವರದ ತಳವನ್ನು, ಸಾವಿರ ಎಕರೆಗೂ ಹೆಚ್ಚು, ಒಂದು ರೈಲ್ವೆ ಕಂಪನಿಗೆ ಬರೆದುಕೊಟ್ಟಿತು. ನಾಲ್ಕೇ ವರ್ಷಕ್ಕೆ, 1873ರಲ್ಲಿ, ಪಶ್ಚಾತ್ತಾಪವಾಗಿ ರದ್ದು ಮಾಡಿತು. ಕಂಪನಿ ಬಿಡಲಿಲ್ಲ. 1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರರ ಬಹುಮತದಲ್ಲಿ ರದ್ದತಿ ಸರಿ ಎಂದಿತು. ಇಂಥ ನೀರನ್ನು ರಾಜ್ಯ ಜನರಿಗಾಗಿ ಟ್ರಸ್ಟಿನಲ್ಲಿ ಇಟ್ಟುಕೊಂಡಿದೆ, ಆ ಹೊಣೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಾರದು ಅಂತ ಬರೆದವರು ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್. ಕಂಪನಿಗಳ, ಖಾಸಗಿ ಆಸ್ತಿಯ ದೊಡ್ಡ ಪಕ್ಷಪಾತಿ ಅಂತ ಹೆಸರಾದ ಮನುಷ್ಯ! 1970ರಲ್ಲಿ ಜೋಸೆಫ್ ಸ್ಯಾಕ್ಸ್ ಎಂಬ ಪ್ರಾಧ್ಯಾಪಕರು ಆ ತೀರ್ಪನ್ನು ಕೈಗೆತ್ತಿಕೊಂಡು, ಪರಿಸರ ಉಳಿಸಲು ಇದು ಎಂಥ ಆಯುಧ ಅಂತ ಲೇಖನ ಬರೆದರು.

ಆ ಲೇಖನ ಕುಳ್ಳು ಮನಾಲಿಯವರೆಗೆ ಬಂತು. ಬಿಯಾಸ್ ನದಿ ದಂಡೆಯಲ್ಲಿ, ಕೇಂದ್ರ ಮಂತ್ರಿಯೊಬ್ಬರ ಕುಟುಂಬದ ನಂಟಿದ್ದ ಮೋಟೆಲೊಂದು ಅರಣ್ಯದ ನೆಲ ಸೇರಿಸಿಕೊಂಡು, ತನ್ನ ಜಾಗ ಉಳಿಸಿಕೊಳ್ಳಲು ನದಿಯ ಹರಿವನ್ನೇ ತಿರುಗಿಸಿತ್ತು. ಎಂ.ಸಿ. ಮೆಹ್ತಾ ವಿರುದ್ಧ ಕಮಲನಾಥ್ ಎಂಬ ಆ ಪ್ರಕರಣದಲ್ಲಿ 1996ರ ಡಿಸೆಂಬರ್ 13ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ಸ್ಯಾಕ್ಸ್‌ರನ್ನೂ ಶಿಕಾಗೋ ತೀರ್ಪನ್ನೂ ಉಲ್ಲೇಖಿಸಿ, ಪಬ್ಲಿಕ್ ಟ್ರಸ್ಟ್ ತತ್ವ ಈ ದೇಶದ ಕಾನೂನಿನ ಭಾಗ ಅಂತ ಘೋಷಿಸಿತು. ಗುತ್ತಿಗೆ ರದ್ದಾಯಿತು. ಎರಡು ದಿನ ಮುಂಚೆ, ಡಿಸೆಂಬರ್ 11ಕ್ಕೆ, ಅದೇ ನ್ಯಾಯಮೂರ್ತಿಗಳು ಕರಾವಳಿ ನಿಯಂತ್ರಣ ವಲಯದಲ್ಲಿನ ಸಿಗಡಿ ಕೆರೆಗಳ ವಿರುದ್ಧವೂ ತೀರ್ಪು ಕೊಟ್ಟಿದ್ದರು.

ಸಿಗಡಿ ಅಂದಾಕ್ಷಣ ಅಮ್ಮ ನೆಟ್ಟಗೆ ಕೂತಳು. ಅವಳಿಗೆ ಅದು ಗೊತ್ತಿರುವ ವಿಷಯ. ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿಗಳು ಸಿಗಡಿ ಕೆರೆಗಳಾದದ್ದನ್ನು ಕಣ್ಣಾರೆ ಕಂಡವಳು. 1991ರ ಫೆಬ್ರವರಿಯ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್ ಅಂತ ಎಳೆದ ಗೆರೆಯೊಳಗೆ, ಆಮೇಲಿನ ತಿದ್ದುಪಡಿಗಳಲ್ಲಿ ಎಷ್ಟೆಷ್ಟು ಸಡಿಲವಾಯಿತು ಎಂಬುದು ಬೇರೆಯೇ ಪುರಾಣ. 2019ರ ಹೊಸ ಅಧಿಸೂಚನೆಯ ಪ್ರಕಾರ ಜನದಟ್ಟಣೆಯ ಹಳ್ಳಿಗಳಲ್ಲಿ ಕಟ್ಟಬಾರದ ಪಟ್ಟಿ 50 ಮೀಟರಿಗೆ ಇಳಿದಿದೆ.

"ಬಳಚು ಆರಿಸೋಕೆ ನಾವು ಯಾರನ್ನೂ ಕೇಳ್ತಿರ್ಲಿಲ್ಲ" ಅಂದಳು. "ಹೊಳೆ ಯಾರದು ಅಂತ ಯಾರೂ ಹೇಳ್ಲೂ ಇಲ್ಲ."

ಮುಂದಿನ ಶನಿವಾರ ಅದೇ ಊರಿಗೆ ಮತ್ತೆ ಹೋದೆವು. ಇಳಿತದ ಹೊತ್ತು. ದೂರದ ಕೆಸರಿನಲ್ಲಿ ಒಬ್ಬಾತ ಗಿಡ್ಡ ಮುಳ್ಳುಗುದ್ದಲಿ ಹಿಡಿದು ಬಗ್ಗಿ ಚಿಪ್ಪು ಅಗೆಯುತ್ತಿದ್ದ. ಅವನಿಗೆ ಊರಿನ ಪರವಾನಗಿ ಬೇಕು, ಆದರೆ ಕೆಸರಿನ ಒಡೆಯರ ಅಪ್ಪಣೆ ಬೇಡ. ಅಮ್ಮ ಬುಟ್ಟಿಗೆ ಇಣುಕಿ, ಗಾತ್ರ ನೋಡಿ, ಹೆಬ್ಬೆರಳು ಎತ್ತಿದಳು. ಅವನೂ ಎತ್ತಿದ.

ಈ ಸಲ ನನ್ನ ಕೈಯಲ್ಲಿ ಇಪ್ಪತ್ತು ಡಾಲರಿನ ಗಾಳದ ಕೋಲು ಇತ್ತು. ಆನ್‌ಲೈನಿನಲ್ಲಿ ಪರ್ಮಿಟ್ಟೂ ಮಾಡಿಸಿದ್ದೆ. ಮೇಲಿನ ಮನೆಯ ಹಿರಿಯರು ಜಗಲಿಗೆ ಬಂದು ನಿಂತರು. ನಮ್ಮನ್ನು ನೋಡಿದರು, ಕೋಲನ್ನು ನೋಡಿದರು. ಕಾನೂನು ಅವರಿಗೂ ಗೊತ್ತಿರಬೇಕು. ಒಳಗೆ ಹೋದರು.

ಸಂಜೆವರೆಗೆ ಒಂದು ಮೀನೂ ಕಚ್ಚಲಿಲ್ಲ. ನನಗೆ ಗಾಳ ಹಾಕಲು ಬರುವುದಿಲ್ಲ ಅಂತ ಅಮ್ಮ ಬೈದು, ಕೋಲು ತಾನೇ ಇಸಿದುಕೊಂಡಳು.